ಸ್ಲಾಟು ಶುರುವಾಗೋ ಮುಂಚೆ

– ಏನಾದ್ರೂ ಒಂದು ಇಂಜೆಕ್ಷನ್ ಇದ್ರೆ ಹೇಳಮ್ಮ. ಶನಿವಾರ ಬೆಳಗ್ಗೆ ಎಂಟಕ್ಕೆ ಶಟಲ್ ಕೋರ್ಟ್ ಬುಕ್ ಆಗಿದೆ, ದುಡ್ಡೂ ಕಟ್ಟಾಗಿದೆ.

– ಚಿಕ್ಕಪ್ಪ, ನಾನು ಫಿಸಿಯೋ. ಇಂಜೆಕ್ಷನ್ ನನ್ನ ಇಲಾಖೆ ಅಲ್ಲ. ಕೊಡ್ತೀನಿ ಅನ್ನೋರು ಸಿಕ್ಕಿದ್ರೂ ಹಿಮ್ಮಡಿ ಹಿಂದಿನ ಆ ನರಕ್ಕೆ ಸ್ಟೆರಾಯ್ಡ್ ಚುಚ್ಚಿಸ್ಕೋಬೇಡಿ. ನೋವು ಕೆಲವು ವಾರ ಮಾಯ ಆಗಬಹುದು, ಒಳಗಡೆ ಟೆಂಡನ್ ಬಲ ಕಳ್ಕೊಂಡಿರತ್ತೆ. ನೋವಿಲ್ಲ ಅಂತ ನೀವು ಹಾರಿ ಸ್ಮ್ಯಾಶ್ ಹೊಡೀತೀರಿ, ಅದು ಹರಿದುಹೋದ್ರೂ ಹೋಯ್ತು.

– ಹೆದರಿಸ್ಬೇಡ ಕಣೇ. ಬೆಳಗ್ಗೆ ಎದ್ದಾಗ ನಾಲ್ಕು ಹೆಜ್ಜೆ ಕುಂಟ್ತೀನಿ, ಅಷ್ಟೇ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ನೋವಿದ್ದದ್ದೇ ಮರೆತುಹೋಗಿರತ್ತೆ.

– ಮಾರನೇ ದಿನ ಬೆಳಗ್ಗೆ?

– ಆಗ ಬಾತ್‌ರೂಮ್‌ವರೆಗೂ ಕುಂಟ್ತೀನಿ.

– ಕಾಲು ಚಾಚಿ ನೋಡೋಣ. ಎಲ್ಲಿ? ಕೆಳಗೆ, ಹಿಮ್ಮಡಿ ಮೂಳೆಗೆ ಅಂಟಿಕೊಂಡಿರೋ ಕಡೆನಾ, ಇನ್ನೂ ಮೇಲಾ?

– ಮೇಲೆ. ಇನ್ನೂ ಸ್ವಲ್ಪ. ಹಾಂ, ಅಲ್ಲೇ. ಅಯ್ಯೋ, ಮೆಲ್ಲಗೆ!

– ಮೂಳೆಯಿಂದ ಮೂರು ಬೆರಳು ಮೇಲೆ. ಸ್ವಲ್ಪ ದಪ್ಪ ಆಗಿದೆ. ಇದು ಅಕಿಲಿಸ್ ಟೆಂಡನ್. ಮೀನಖಂಡನ ಹಿಮ್ಮಡಿಗೆ ಕಟ್ಟಿರೋದು ಇದೇ, ದೇಹದಲ್ಲಿ ಇದಕ್ಕಿಂತ ದಪ್ಪನೆ ಟೆಂಡನ್ ಇನ್ನೊಂದಿಲ್ಲ. ಇತ್ತೀಚೆಗೆ ಜ್ವರ ಗಿರ ಅಂತ ಆಂಟಿಬಯಾಟಿಕ್ ಏನಾದ್ರೂ ತಗೊಂಡ್ರಾ?

– ಇಲ್ಲಪ್ಪ. ಅದಕ್ಕೂ ಹಿಮ್ಮಡಿಗೂ ಏನು ಸಂಬಂಧ?

– ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್ ಅಂತ ಬರ್ತಾವಲ್ಲ, ಆ ಜಾತಿ ಮಾತ್ರೆಯಿಂದ ಕೆಲವರಿಗೆ ಟೆಂಡನ್ ಹರಿಯೋ ಅಪಾಯ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸ್ತು. ನಮ್ಮಲ್ಲಿ ಚೀಟಿನೂ ಇಲ್ಲದೆ ಮೆಡಿಕಲ್ ಸ್ಟೋರಿನವರೇ ಕೈಗೆ ಕೊಟ್ಟು ಕಳಿಸ್ತಾರೆ, ಅದಕ್ಕೆ ಕೇಳಿದೆ. ಸರಿ, ನೋವು ಶುರುವಾಗೋಕೆ ಮುಂಚೆ ಏನು ಬದಲಾಯ್ತು ಹೇಳಿ.

– ಏನೂ ಬದಲಾಗಿಲ್ಲ. ಎರಡು ವರ್ಷದಿಂದ ಅದೇ ಗ್ಯಾಂಗು, ಅದೇ ಕೋರ್ಟು, ಅದೇ ಶೂ.

– ವಾರಕ್ಕೆ ಎಷ್ಟು ಸಲ ಆಡ್ತೀರಿ?

– ಶನಿವಾರ ಒಂದು ಗಂಟೆ. ಹೋದ ತಿಂಗಳು ಮಾತ್ರ ಆಫೀಸ್ ಟೂರ್ನಮೆಂಟ್ ಇತ್ತು ನೋಡು, ಎರಡು ವಾರ ದಿನಾ ಸಂಜೆ ಎರಡೆರಡು ಗಂಟೆ ಪ್ರಾಕ್ಟೀಸ್ ಮಾಡಿದ್ವಿ. ಸೆಮಿಫೈನಲ್‌ವರೆಗೂ ಹೋದ್ವಿ, ಗೊತ್ತಾ?

– ವಾರಕ್ಕೆ ಒಂದು ಗಂಟೆ ಇದ್ದದ್ದು ದಿನಕ್ಕೆ ಎರಡು ಗಂಟೆ ಆಯ್ತು. ಅದಕ್ಕೆ ನೀವು ಏನೂ ಬದಲಾಗಿಲ್ಲ ಅಂತೀರಿ.

– ಆದ್ರೆ ಸುಸ್ತಾಗ್ಲಿಲ್ವಲ್ಲ! ಮೊದಲ ಮೂರು ದಿನ ಉಸಿರು ಕಟ್ತು, ಮೈಕೈ ನೋವು ಬಂತು. ಎರಡನೇ ವಾರಕ್ಕೆ ಇಪ್ಪತ್ತೈದರ ಹುಡುಗರ ಜೊತೆ ಸಮಸಮ ಓಡ್ತಿದ್ದೆ.

– ಮೋಸ ಆಗೋದು ಅಲ್ಲೇ. ಎದೆ, ಉಸಿರು, ಮಾಂಸಖಂಡ ಇವೆಲ್ಲ ಬೇಗ ಕಲೀತಾವೆ, ಎರಡು ಮೂರು ವಾರಕ್ಕೇ ವ್ಯತ್ಯಾಸ ಗೊತ್ತಾಗತ್ತೆ. ಟೆಂಡನ್‌ಗೆ ರಕ್ತಸಂಚಾರ ಕಡಿಮೆ, ಒಳಗಿನ ಜೀವಕೋಶಗಳೂ ನಿಧಾನ. ಅದು ತಾಲ್ಲೂಕು ಕಚೇರಿ, ಚಿಕ್ಕಪ್ಪ. ಅರ್ಜಿ ಕೊಟ್ಟ ಮೇಲೆ ಮೂರು ತಿಂಗಳಾದ್ರೂ ಕಾಯಬೇಕು. ನೀವು ಅರ್ಜಿ ಕೊಟ್ಟ ಮಾರನೇ ದಿನವೇ ಖಾತೆ ಆಯ್ತು ಅಂದ್ಕೊಂಡು ಪಾಯ ತೋಡೋಕೆ ಹೊರಟ್ರಿ.

– ಲಂಚ ಕೊಟ್ರೆ ಬೇಗ ಆಗಲ್ವಾ?

– ನೀವು ಬಂದ ತಕ್ಷಣ ಕೇಳಿದ್ರಲ್ಲ ಇಂಜೆಕ್ಷನ್, ಅದೇ ಲಂಚ.

– ಸರಿ ತಾಯಿ. ಹಾಗಾದ್ರೆ ಎಷ್ಟು ಏರಿಸಿದ್ರೆ ತಡಿಯತ್ತೆ ಅಂತಾದ್ರೂ ಹೇಳು. ಕಬ್ಬನ್ ಪಾರ್ಕಿನಲ್ಲಿ ಓಡೋ ಗೆಳೆಯ ಒಬ್ಬನಿದಾನೆ, ವಾರಕ್ಕೆ ಹತ್ತು ಪರ್ಸೆಂಟ್ ಮೀರಬಾರದು ಅಂತಾನೆ.

– ಅದು ಬಾಯಿಂದ ಬಾಯಿಗೆ ಬಂದ ಲೆಕ್ಕ. ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸದಾಗಿ ಓಡೋಕೆ ಶುರು ಮಾಡಿದವರನ್ನ ಎರಡು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ ಹತ್ತು ಪರ್ಸೆಂಟ್ ಲೆಕ್ಕದಲ್ಲಿ 13 ವಾರ ನಿಧಾನಕ್ಕೆ ಏರಿಸಿದ್ರು, ಇನ್ನೊಂದಕ್ಕೆ ಮಾಮೂಲಿ 8 ವಾರದ ತರಬೇತಿ. 2008ರಲ್ಲಿ ಫಲಿತಾಂಶ ಬಂತು. ಎರಡೂ ಕಡೆ ಐದರಲ್ಲಿ ಒಬ್ಬರಿಗೆ ಪೆಟ್ಟು. ನಿಧಾನದವರಿಗೆ ಏನೂ ಲಾಭ ಇಲ್ಲ.

– ಅಂದ್ರೆ ನೀನು ಈಗ ಹೇಳಿದ್ದೇ ಸುಳ್ಳಾಯ್ತು.

– ಪೂರ್ತಿ ಕೇಳಿ. 2025ರಲ್ಲಿ ಇನ್ನೊಂದು ಅಧ್ಯಯನ ಬಂತು, ಐದು ಸಾವಿರಕ್ಕೂ ಹೆಚ್ಚು ಓಟಗಾರರದ್ದು. ವಾರದ ಒಟ್ಟು ಮೊತ್ತ ಹೆಚ್ಚಿದ್ದಕ್ಕೂ ಪೆಟ್ಟಿಗೂ ಸರಿಯಾದ ನಂಟು ಸಿಗಲಿಲ್ಲ. ಸಿಕ್ಕಿದ್ದು ಬೇರೆ ಕಡೆ. ಹಿಂದಿನ 30 ದಿನದಲ್ಲಿ ಓಡಿದ ಅತಿ ಉದ್ದದ ಓಟ ಇರತ್ತಲ್ಲ, ಯಾವುದಾದ್ರೂ ಒಂದು ದಿನ ಅದಕ್ಕಿಂತ ಹತ್ತು ಪರ್ಸೆಂಟ್‌ಗೂ ಹೆಚ್ಚು ಓಡಿದ್ರೆ ಅಪಾಯ ಏರತ್ತೆ. ಅದರ ಎರಡರಷ್ಟನ್ನೂ ಮೀರಿ ಓಡಿದ್ರೆ ಅಪಾಯ ದುಪ್ಪಟ್ಟಿಗಿಂತ ಜಾಸ್ತಿ. ಕೆಡಿಸೋದು ಆ ಒಂದು ದಿನದ ಉತ್ಸಾಹ. ಓಟದ ಅಂಕಿಯನ್ನ ತಂದು ಶಟಲ್ ಮೇಲೆ ಹಾಗೇ ಕೂರಿಸೋಕಾಗಲ್ಲ, ನಿಜ. ಆದ್ರೆ ನಿಮ್ಮ ಹಿಮ್ಮಡಿ ಕೇಳೋ ಪ್ರಶ್ನೆ ಅದೇ: ಹೋದ ತಿಂಗಳು ನಾನು ಎಷ್ಟು ಹೊತ್ತಿದ್ದೆ, ಇವತ್ತು ಎಷ್ಟು ಹೊರಿಸ್ತಿದಾರೆ?

– ಹಾಗಾದ್ರೆ ಒಂದು ತಿಂಗಳು ಪೂರ್ತಿ ರೆಸ್ಟ್ ತಗೋತೀನಿ ಬಿಡು. ಐಸ್ ಇಟ್ಕೊಂಡು ಕೂರ್ತೀನಿ.

– ಐಸ್ ಇಟ್ರೆ ಸ್ವಲ್ಪ ಹೊತ್ತು ಮರಗಟ್ಟತ್ತೆ, ಅಷ್ಟೇ. ಏಟು ಬಿದ್ರೆ ಐಸ್ ಇಡಿ, ಅಲುಗಾಡಿಸಬೇಡಿ ಅಂತ 1978ರಲ್ಲಿ ಸೂತ್ರ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ತಮ್ಮ ಮಾತು ವಾಪಸ್ ತಗೊಂಡ್ರು, ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗೋದನ್ನ ತಡ ಮಾಡಬಹುದು ಅಂತ. ಇನ್ನು ರೆಸ್ಟು. ತಿಂಗಳು ಸುಮ್ಮನೆ ಕೂತ್ರೆ ನೋವು ಹೋಗತ್ತೆ. ಜೊತೆಗೆ ಮೀನಖಂಡದ ಶಕ್ತಿನೂ ಹೋಗತ್ತೆ, ಟೆಂಡನ್‌ದೂ ಹೋಗತ್ತೆ. ಆಮೇಲೆ ಬಂದು ಅದೇ ಒಂದು ಗಂಟೆ ಆಡಿದ್ರೆ ಆ ಕಾಲಿಗೆ ಅದು ಮೊದಲಿನ ಒಂದು ಗಂಟೆ ಅಲ್ಲ. ಏರಿಸೋದು ಅಂದ್ರೆ ಆಟನ ಹೆಚ್ಚಿಸೋದೇ ಆಗಬೇಕಿಲ್ಲ, ಕಾಲನ್ನ ಇಳಿಸಿದ್ರೂ ಏರಿಸಿದ ಲೆಕ್ಕವೇ.

– ಆಡಬೇಡಿ ಅಂತೀಯ, ಸುಮ್ಮನೆ ಕೂರಬೇಡಿ ಅಂತೀಯ. ನಾನು ಏನು ಮಾಡಲಿ?

– ಮೆಟ್ಟಿಲ ಮೇಲೆ ನಿಂತ್ಕೊಳ್ಳಿ. ನಗಬೇಡಿ, ಇದರ ಹಿಂದೆ ಒಂದು ಕಥೆ ಇದೆ. ಸ್ವೀಡನ್ನಿನ ಉತ್ತರದಲ್ಲಿ ಊಮಿಯೊ ಅಂತ ಊರು. ಅಲ್ಲಿ ಹೋಕನ್ ಆಲ್‌ಫ್ರೆಡ್‌ಸನ್ ಅಂತ ಮೂಳೆ ಶಸ್ತ್ರಚಿಕಿತ್ಸಕರು, ಓಟದ ಹುಚ್ಚಿದ್ದವರು. 1990ರ ದಶಕದ ಮಧ್ಯದಲ್ಲಿ ಅವರಿಗೂ ನಿಮ್ಮದೇ ಜಾಗದಲ್ಲಿ ಇದೇ ನೋವು. ಏನು ಮಾಡಿದ್ರೂ ಹೋಗ್ಲಿಲ್ಲ. ನನಗೆ ಆಪರೇಷನ್ ಮಾಡಿ ಅಂತ ತಮ್ಮ ಮೇಲಿನವರನ್ನ ಕೇಳಿದ್ರು. ಅವರು ಒಪ್ಪಲಿಲ್ಲ. ನೀವು ವಾರಗಟ್ಟಲೆ ರಜ ಹಾಕಿದ್ರೆ ಇಲ್ಲಿ ರೋಗಿಗಳನ್ನ ನೋಡೋರು ಯಾರು ಅಂದ್ರು.

– ಬಾಸುಗಳು ಎಲ್ಲಾ ಕಡೆ ಒಂದೇ ಬಿಡು.

– ಅವರಿಗೆ ಹಠ ಬಂತು. ಟೆಂಡನ್ ಪೂರ್ತಿ ಹರಿದೇಹೋದ್ರೆ ಆಪರೇಷನ್ ಮಾಡಲೇಬೇಕಲ್ಲ? ಹರೀಲಿ ಅಂತಲೇ ಹೊರಟ್ರು. ಮೆಟ್ಟಿಲ ಅಂಚಿಗೆ ಪಾದದ ಮುಂಭಾಗ ಇಟ್ಟು, ಎತ್ತಿದ ಹಿಮ್ಮಡಿನ ನಿಧಾನಕ್ಕೆ ಮೆಟ್ಟಿಲಿಗಿಂತ ಕೆಳಗೆ ಇಳಿಸೋದು. ನೋವಾದ್ರೂ ಬಿಡಲಿಲ್ಲ. ಮೇಲೆ ಭಾರ ಬೇರೆ ಹೇರಿದ್ರು. ದಿನಾ.

– ಹರೀತಾ?

– ನೋವು ಹೋಯ್ತು.

– ಏನಂತೀಯ!

– ಕೆಲವು ವಾರದಲ್ಲಿ ಮತ್ತೆ ಓಡೋಕೆ ಶುರು ಮಾಡಿದ್ರು. ಆಮೇಲೆ ಆಪರೇಷನ್‌ಗೆ ಕಾಯ್ತಿದ್ದ 15 ಜನಕ್ಕೆ ಅದನ್ನೇ ಹೇಳಿಕೊಟ್ರು. 12 ವಾರಕ್ಕೆ 15 ಜನರೂ ಮೊದಲಿನ ಹಾಗೆ ಓಟಕ್ಕೆ ಮರಳಿದ್ರು. 1998ರಲ್ಲಿ ಅದು ಅಚ್ಚಾಯ್ತು. ಅಲ್ಲಿವರೆಗೂ ನೋಯೋ ಟೆಂಡನ್‌ಗೆ ವಿಶ್ರಾಂತಿ ಅಂತಿದ್ದವರು, ಅದಕ್ಕೆ ಕೆಲಸ ಕೊಡಿ ಅನ್ನೋಕೆ ಶುರು ಮಾಡಿದ್ರು. ನೋವಿದ್ದಲ್ಲೆಲ್ಲ ಇದನ್ನೇ ಮಾಡಿ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ನೋವು ಮೂಳೆಗೆ ಅಂಟಿದ ಕಡೆ ಇರೋರಿಗೆ ಹಿಮ್ಮಡಿನ ಮೆಟ್ಟಿಲಿಗಿಂತ ಕೆಳಗೆ ಇಳಿಸಿದ್ರೆ ಇನ್ನೂ ಕೆರಳತ್ತೆ. ಅವರು ಸಮನೆಲದಲ್ಲೇ ಮಾಡಬೇಕು. ಅದಕ್ಕೇ ನಿಮ್ಮ ಕಾಲು ಹಿಡಿದು ನೋಡಿದ್ದು.

– ದಿನಕ್ಕೆ ಎಷ್ಟು ಸಲ ಇಳಿಸಬೇಕು?

– ಅವರ ಮೂಲ ಲೆಕ್ಕದಲ್ಲಿ 180.

– ನೂರಾ ಎಂಬತ್ತಾ!

– ಹದಿನೈದರ ಮೂರು ಸುತ್ತು ಮಂಡಿ ನೆಟ್ಟಗಿಟ್ಟು, ಮೂರು ಸುತ್ತು ಸ್ವಲ್ಪ ಬಗ್ಗಿಸಿ. ಹೀಗೆ ಬೆಳಗ್ಗೆ ಸಂಜೆ. ಈಗ ಅಷ್ಟು ಬೇಕಾಗಿಲ್ಲ. ವಾರಕ್ಕೆ ಮೂರು ದಿನ, ಹೆಚ್ಚು ಭಾರ, ನಿಧಾನ ಚಲನೆ, ಹೀಗೆ ಮಾಡಿದವರಿಗೂ ಫಲ ಹೆಚ್ಚುಕಮ್ಮಿ ಅಷ್ಟೇ ಸಿಕ್ಕಿದೆ. ನಿಮ್ಮ ಸ್ವಭಾವಕ್ಕೆ ಇದೇ ಸರಿ, ದಿನಾ ಅಂದ್ರೆ ನಾಲ್ಕನೇ ದಿನಕ್ಕೆ ಬಿಡ್ತೀರಿ. ಮಾಡುವಾಗ ಸ್ವಲ್ಪ ನೋವಾದ್ರೆ ಹೆದರಬೇಡಿ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವು, ಮಾರನೇ ಬೆಳಗ್ಗೆ ಹೊತ್ತಿಗೆ ಮಾಮೂಲಿಗೆ ಬಂದ್ರೆ ಸರಿ. ಬೆಳಗಿನ ಕುಂಟು ಹೆಚ್ಚಾದ್ರೆ ಭಾರ ಇಳಿಸಿ. ಲೆಕ್ಕ ನೋಡಬೇಕಾದ್ದು ಆಡುವಾಗಿನ ನೋವಲ್ಲ, ಮಾರನೇ ಬೆಳಗ್ಗೆದು.

– ಮಾಡ್ತೀನಿ. ಶನಿವಾರದ ಮಾತು ಹೇಳು ಈಗ.

– ಶನಿವಾರ ಎಂಟಕ್ಕೆ ಸ್ಲಾಟು ಅಂದ್ರಿ. ಕೋರ್ಟಿಗೆ ಎಷ್ಟು ಹೊತ್ತಿಗೆ ಹೋಗ್ತೀರಿ?

– ಏಳು ಐವತ್ತೆಂಟು! ಕಾರು ನಿಲ್ಲಿಸೋಕೆ ಜಾಗ ಸಿಕ್ಕಿದ್ರೆ.

– ಎಂಟು ಗಂಟೆಗೆ ಮೊದಲ ಸರ್ವ್.

– ಮತ್ತೆ? ಗಂಟೆಗೆ ಐನೂರು ರೂಪಾಯಿ ಕಣಮ್ಮ. ಒಳಗೆ ಹೋಗಿ ಕೈಕಾಲು ಆಡಿಸ್ತಾ ನಿಂತ್ರೆ ಜೊತೆಯವರು ಬೈತಾರೆ. ಒಂಬತ್ತಕ್ಕೆ ಮುಂದಿನ ಗ್ಯಾಂಗು ಬಾಗಿಲಲ್ಲಿ ರಾಕೆಟ್ ಹಿಡ್ಕೊಂಡು ನಿಂತಿರತ್ತೆ. ಹಾಗಾಗಿ ಕೊನೆ ಹತ್ತು ನಿಮಿಷ ಆಟ ಭಾರಿ ಜೋರು.

– ಬೆಂಗಳೂರಿನ ಅರ್ಧ ಹಿಮ್ಮಡಿಗಳನ್ನ ಕೆಡಿಸಿರೋದು ಈ ಗಂಟೆ ಲೆಕ್ಕವೇ ಅನ್ನೋದು ನನ್ನ ಅನುಮಾನ. ವಾರವೆಲ್ಲ ಕುರ್ಚಿ, ಅಲ್ಲಿಂದ ಕಾರಿನ ಸೀಟು, ಸೀಟಿನಿಂದ ನೇರ ಸ್ಮ್ಯಾಶು. ಆಮೇಲೆ ಸುಸ್ತಾದ ಕಾಲಲ್ಲಿ ಕೊನೆಯ ಜೋರು. ಸ್ವೀಡನ್ನಲ್ಲೇ ಬ್ಯಾಡ್ಮಿಂಟನ್ ಆಡ್ತಾ ಈ ಟೆಂಡನ್ ಹರಿದುಕೊಂಡ 31 ಜನರನ್ನ ವಿಚಾರಿಸಿದ್ರು. ಬಹುಪಾಲು ಜನಕ್ಕೆ ಅದು ಆದದ್ದು ಆಟದ ನಡುವಿನಲ್ಲಿ ಅಥವಾ ಕೊನೆಯಲ್ಲಿ. ಸರಾಸರಿ ವಯಸ್ಸು 36. ಹರಿಯೋ ಹೊತ್ತಿಗೆ ಹಿಂದಿನಿಂದ ಯಾರೋ ಒದ್ದರು ಅನ್ಸತ್ತೆ, ತಿರುಗಿ ನೋಡಿದ್ರೆ ಯಾರೂ ಇರಲ್ಲ. ಬೆರಳ ತುದಿ ಮೇಲೆ ನಿಲ್ಲೋಕಾಗಲ್ಲ. ಹಾಗಾದ್ರೆ ಉಳುಕು ಅಂದ್ಕೊಂಡು ಮನೇಲಿ ಎಣ್ಣೆ ನೀವ್ತಾ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

– ನಮ್ಮಪ್ಪ ಇದ್ದಿದ್ರೆ ನಗ್ತಿದ್ರು. ಮೈಸೂರಿನ ಗರಡಿಯಲ್ಲಿ ಮೈ ಪಳಗಿಸಿದವರು ಅವರು. ಅವರ ಕಾಲಕ್ಕೆ ಈ ವಾರ್ಮ್ ಅಪ್ಪು ಕೂಲ್ ಡೌನು ಎಲ್ಲಿತ್ತು?

– ತಾತ ಕುಸ್ತಿಗೆ ಇಳಿಯೋ ಮುಂಚೆ ಏನು ಮಾಡ್ತಿದ್ರು, ಹೇಳಿ.

– ಏನು ಮಾಡ್ತಿದ್ರು ಅಂದ್ರೆ... ಬೆಳಗಿನ ಜಾವ ಹೋಗಿ ಮಟ್ಟಿ ಅಗೀತಿದ್ರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರ್ತಿದ್ರಲ್ಲ, ಅದು ಗಟ್ಟಿಯಾಗದ ಹಾಗೆ ಗುದ್ದಲಿ ಹಿಡಿದು ಪೂರ್ತಿ ಅಗೆದು ತಿರುವಿಹಾಕೋದು. ಆಮೇಲೆ ದಂಡೆ, ಬಸ್ಕಿ. ಆಮೇಲೇ ಜೋಡಿ ಹಿಡಿಯೋದು. ಓ.

– ಮಣ್ಣು ಮೆತ್ತಗಾಯ್ತು, ಬಿದ್ರೆ ಏಟು ಕಮ್ಮಿ. ಮೈಯೂ ಬಿಸಿಯಾಯ್ತು. ಅವರಿಗೆ ಬೇರೆ ಹೆಸರು ಬೇಕಾಗಿರಲಿಲ್ಲ, ಅಷ್ಟೇ. ನಿಮಗೆ ಯಾರೋ ನೆಲ ಒರೆಸಿ, ದೀಪ ಹಾಕಿ, ನೆಟ್ ಕಟ್ಟಿ ಇಟ್ಟಿರ್ತಾರೆ.

– ನಾನೂ ಸುಮ್ಮನೆ ಇಳಿಯಲ್ಲ. ಬಗ್ಗಿ ಕಾಲು ಮುಟ್ಟಿ ಅರ್ಧ ನಿಮಿಷ ಹಾಗೇ ನಿಂತಿರ್ತೀನಿ.

– ಅದರಿಂದ ಕೆಡುಕೇನಿಲ್ಲ, ಪೆಟ್ಟು ತಪ್ಪಿಸೋ ಲಾಭವೂ ಇಲ್ಲ. ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಜನರನ್ನ ಎರಡು ಪಾಲು ಮಾಡಿ, ಒಂದು ಪಾಲಿಗೆ ಕವಾಯತಿಗೆ ಮುಂಚೆ ಹಾಗೆ ಎಳೆದು ನಿಲ್ಲೋದು ಮಾಡಿಸಿದ್ರು. 2000ದಲ್ಲಿ ಲೆಕ್ಕ ಬಂತು, ಎರಡು ಪಾಲಿನ ಪೆಟ್ಟಿನಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಕೆಲಸ ಮಾಡಿರೋದು ಬೇರೆ. ಫುಟ್‌ಬಾಲ್‌ಗೆ ಅಂತ ಫಿಫಾದವರು ಮಾಡಿಸಿದ 11 ಪ್ಲಸ್ ಅಂತ ಒಂದು ಕ್ರಮ ಇದೆ, 20 ನಿಮಿಷದ್ದು. ಮೆಲ್ಲಗೆ ಓಟ, ಆಮೇಲೆ ಪ್ಲಾಂಕು, ಬಸ್ಕಿ, ಒಂಟಿಕಾಲಲ್ಲಿ ನಿಲ್ಲೋದು, ಹಾರಿ ಮೆತ್ತಗೆ ಇಳಿಯೋದು. ನಾರ್ವೆಯಲ್ಲಿ ಹದಿಹರೆಯದ ಹುಡುಗಿಯರ ತಂಡಗಳಲ್ಲಿ ಮಾಡಿಸಿ ನೋಡಿದಾಗ ಪೆಟ್ಟುಗಳು ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇಳಿದವು.

– ಇಪ್ಪತ್ತು ನಿಮಿಷ ಅಂದ್ರೆ ಹೆಚ್ಚುಕಮ್ಮಿ ನೂರಾ ಅರವತ್ತೇಳು ರೂಪಾಯಿ ಆಯ್ತು.

– ಪಾರ್ಕಿಂಗ್ ಜಾಗಕ್ಕೆ ಬಾಡಿಗೆ ಇಲ್ವಲ್ಲ. ಏಳೂ ಮುಕ್ಕಾಲಿಗೆ ಹೋಗಿ, ಹತ್ತು ನಿಮಿಷ ಅಲ್ಲೇ ಮಾಡಿ. ಸುತ್ತ ಎರಡು ರೌಂಡು ಮೆಲ್ಲಗೆ ಓಡಿ, ಅಡ್ಡಡ್ಡ ಹೆಜ್ಜೆ, ಹತ್ತು ಬಸ್ಕಿ, ಹಿಮ್ಮಡಿ ಎತ್ತಿ ಇಳಿಸೋದು, ನೆಟ್ ಹತ್ರ ಡ್ರಾಪ್ ಎತ್ತೋಕೆ ಉದ್ದ ಕಾಲು ಹಾಕ್ತೀರಲ್ಲ, ಅದನ್ನೇ ನಿಧಾನಕ್ಕೆ ಎರಡೂ ಕಡೆ. ಒಳಗೆ ಹೋದ ಮೇಲೆ ಮೊದಲ ಐದು ನಿಮಿಷ ಸ್ಮ್ಯಾಶ್ ಬೇಡ.

– ಹಳಬರು ಸಿಮೆಂಟ್ ನೆಲದಲ್ಲೇ ಆಡಿ ಅರಗಿಸ್ಕೊಂಡ್ರಮ್ಮ. ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಟ ಕಲಿತದ್ದು. ಅದು ಮದುವೆ ಛತ್ರ, ಲಗ್ನ ಇದ್ದ ದಿನ ಪ್ರಾಕ್ಟೀಸ್ ಇಲ್ಲ. ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ರು.

– ಗೆದ್ದವರ ಹೆಸರು ನಮಗೆ ಗೊತ್ತು. ಅದೇ ಥರದ ನೆಲದಲ್ಲಿ ಮಂಡಿ ಕಳ್ಕೊಂಡು ಮನೇಲಿ ಕೂತವರ ಹೆಸರು ಯಾರು ಬರೆದಿಟ್ಟಿದಾರೆ? ಅದೂ ಅಲ್ದೆ ಅವರು ಚಿಕ್ಕಂದಿನಿಂದ ದಿನಾ ಆಡಿದವರು, ಮೈ ಆ ನೆಲಕ್ಕೆ ವರ್ಷಗಟ್ಟಲೆ ಪಳಗಿತ್ತು. ನಿಮ್ಮ ಶೂ ಎಲ್ಲಿ, ತೋರಿಸಿ. ನೋಡಿದ್ರಾ, ಇದು ಓಟದ ಶೂ. ಹಿಮ್ಮಡಿ ಎತ್ತರ, ಮೆತ್ತಗೆ, ಮುಂದಕ್ಕೆ ಓಡೋಕೆ ಮಾಡಿದ್ದು. ಶಟಲ್‌ನಲ್ಲಿ ಅಡ್ಡ ಹಾರ್ತೀರಿ, ಪಾದ ಹೊರಳತ್ತೆ. ತಳ ತೆಳ್ಳಗಿರೋ ಶಟಲ್ ಶೂನೇ ತಗೊಳ್ಳಿ.

– ಮಂಡಿ ಅಂದ್ಯಲ್ಲ, ನಿಮ್ಮ ಚಿಕ್ಕಮ್ಮನ ವಾದವೇ ಅದು. ಹೀಗೆ ಓಡಿ ಹಾರಿ ಮಂಡಿ ಸವೆಸ್ಕೊಂಡ್ರೆ ಅರವತ್ತಕ್ಕೆ ಮಂಡಿ ಬದಲಾಯಿಸಬೇಕಾಗತ್ತೆ ಅಂತಾಳೆ.

– ಚಿಕ್ಕಮ್ಮನಿಗೆ 2017ರ ಒಂದು ಲೆಕ್ಕ ಹೇಳಿ. ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದ್ದು. ಖುಷಿಗೆ ಓಡೋರಲ್ಲಿ ಮಂಡಿ ಅಥವಾ ಸೊಂಟದ ಸವೆತ ಇದ್ದದ್ದು ನೂರಕ್ಕೆ 3.5 ಜನಕ್ಕೆ. ಓಡದೆ ಕೂತವರಲ್ಲಿ 10.2. ಪಂದ್ಯಕ್ಕೇ ಅಂತ ಓಡೋ ಮೇಲ್ಮಟ್ಟದವರಲ್ಲಿ 13.3. ಓಡಿದ್ದಕ್ಕೇ ಮಂಡಿ ಉಳೀತು ಅಂತ ಇದರಿಂದ ಸಾಧಿಸೋಕಾಗಲ್ಲ, ಮಂಡಿ ಕೆಟ್ಟವರು ಮೊದಲೇ ಓಟ ಬಿಟ್ಟಿರಬಹುದು. ಆದ್ರೆ ಓಡಿದ್ರೆ ಸವೀತು ಅನ್ನೋದಂತೂ ನಿಲ್ಲಲ್ಲ. ಮಂಡಿಯ ಮೃದ್ವಸ್ಥಿಗೆ ಭಾರ ಬಿದ್ದು ಏಳ್ತಾ ಇದ್ರೇನೇ ಪೋಷಣೆ.

– ಗೋಪಿಚಂದ್ ಮಂಡಿ ಹಾಳಾಗಿರಲಿಲ್ವಾ?

– ಅದು ಸವೆದದ್ದಲ್ಲ, ಹರಿದದ್ದು. 1994ರಲ್ಲಿ ಆಡುವಾಗ ಮಂಡಿ ಲಿಗಮೆಂಟ್ ಹೋಯ್ತು, ಆಪರೇಷನ್ ಆಯ್ತು, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಬೆವರು ಹರಿಸಿ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ರು. ಏಳು ವರ್ಷ. ನೀವು ಶನಿವಾರದ ಒಳಗೆ ವಾಸಿ ಆಗಬೇಕು ಅಂತೀರಿ.

– ಸರಿ, ಶಟಲ್ ಬೇಡ ಅಂದ್ರೆ ಈ ತಿಂಗಳು ಆ ಗೆಳೆಯನ ಜೊತೆ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡ್ತೀನಿ. ಫಿಟ್ ಆಗಿದ್ದ ಮೇಲೆ ಯಾವ ಆಟ ಆದ್ರೇನು?

– ಕಂಬಳದ ಶ್ರೀನಿವಾಸ ಗೌಡರು ನೆನಪಿದಾರಾ? 2020ರ ಫೆಬ್ರವರಿ, ಐಕಳ ಕಂಬಳದಲ್ಲಿ 142.5 ಮೀಟರ್ ಕೆಸರುಗದ್ದೆನ 13.62 ಸೆಕೆಂಡಿನಲ್ಲಿ ಓಡಿದ್ರು. ಬೋಲ್ಟ್‌ಗಿಂತ ಜೋರು ಅಂತ ದೇಶವೆಲ್ಲ ಗದ್ದಲ. ಕೇಂದ್ರ ಕ್ರೀಡಾ ಸಚಿವರೇ ಬೆಂಗಳೂರಿಗೆ ಟ್ರಯಲ್ಸ್‌ಗೆ ಕರೆದ್ರು. ಗೌಡರು ಟ್ರ್ಯಾಕ್ ಮೇಲೆ ಓಡೋಕೆ ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡ್ತೀವಿ, ಟ್ರ್ಯಾಕ್‌ನಲ್ಲಿ ಬೆರಳ ಮೇಲೆ ಓಡಬೇಕು, ಎರಡೂ ಬೇರೆ ಅನ್ನೋ ಅರ್ಥದಲ್ಲಿ ಹೇಳಿದ್ರು. ಜೊತೆಗೆ ಮುಂದೆ ಕೋಣ ಬೇರೆ ಎಳೀತಿರತ್ತೆ. ಆಗ ಮೇಜು ಕುಟ್ಟಿ ಮಾತಾಡಿದ ಟೀವಿಯವರಿಗಿಂತ ಅವರಿಗೇ ಕ್ರೀಡಾವಿಜ್ಞಾನ ಚೆನ್ನಾಗಿ ಗೊತ್ತಿತ್ತು. ಕಾಲು ಕಲಿಯೋದು ಮಾಡಿಸಿದ ಕೆಲಸವನ್ನ ಮಾತ್ರ. ನಿಮ್ಮ ಕಾಲಿಗೆ ಹತ್ತು ಕಿಲೋಮೀಟರ್ ಯಾರೂ ಹೇಳಿಕೊಟ್ಟಿಲ್ಲ.

– ನಿನ್ನ ಮಾತು ಕೇಳಿದ್ರೆ ಸುಮ್ಮನೆ ಸೋಫಾ ಮೇಲಿರೋದೇ ಕ್ಷೇಮ ಅನ್ಸತ್ತೆ.

– ಅಲ್ಲಿ ಆಗಲೇ ಅರ್ಧ ದೇಶ ಕೂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಡ 2024ರಲ್ಲಿ ಕೊಟ್ಟ ಲೆಕ್ಕ: 2000ದಲ್ಲಿ ಭಾರತದ ವಯಸ್ಕರಲ್ಲಿ ನೂರಕ್ಕೆ 22 ಜನ ಸಾಕಷ್ಟು ಮೈ ಆಡಿಸ್ತಿರಲಿಲ್ಲ, 2022ಕ್ಕೆ ಅದು ಹೆಚ್ಚುಕಮ್ಮಿ 50. ಹಿಮ್ಮಡಿ ನೋವು ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹೋಗತ್ತೆ. ಸಕ್ಕರೆ ಕಾಯಿಲೆ ಬಂದ್ರೆ ಹಾಗೆ ಹೋಗಲ್ಲ.

– ಅದೇ ಭಯಕ್ಕೇ ಆಡೋಕೆ ಶುರು ಮಾಡಿದ್ದು ನಾನು. ಆದ್ರೆ ನಟ ಪುನೀತ್, ನಮ್ಮ ಅಪ್ಪು ಹೋದ ಮೇಲೆ ನಿಮ್ಮ ಚಿಕ್ಕಮ್ಮನಿಗೆ ಬೇರೆ ಭಯ. 2021ರ ಅಕ್ಟೋಬರ್ 29. ಅವರಿಗೆ 46. ಅಷ್ಟು ವ್ಯಾಯಾಮ ಮಾಡ್ತಿದ್ದವರಿಗೇ ಹಾಗಾಯ್ತು ಅಂದ್ರೆ ನೀವ್ಯಾವ ಮೂಲೆ ಅಂತಾಳೆ.

– ಆವಾಗ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ರು. ಅಪ್ಪು ಅವರ ವಿಷಯ ಅವರ ಡಾಕ್ಟರಿಗೆ ಗೊತ್ತು, ನಾವು ಹೊರಗಿನವರು ಮಾತಾಡೋದು ಬೇಡ. ಸಾಮಾನ್ಯವಾಗಿ ಗೊತ್ತಿರೋದು ಹೇಳ್ತೀನಿ. ಮೈ ಜೋರಾಗಿ ದಣಿಸೋ ಆ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಸ್ವಲ್ಪ ಏರೋದು ನಿಜ. ಯಾವತ್ತೂ ದಣಿಸದೆ ಒಂದು ದಿನ ಇದ್ದಕ್ಕಿದ್ದಂತೆ ದಣಿಸಿದವರಿಗೆ ಅದು ಎಷ್ಟೋ ಪಟ್ಟು ಏರತ್ತೆ, ದಿನಾ ಮಾಡೋರಿಗೆ ಬಹಳ ಕಮ್ಮಿ. ಒಟ್ಟು ಬಾಳಿನ ಲೆಕ್ಕ ತಗೊಂಡ್ರೆ ಮಾಡೋರೇ ಕ್ಷೇಮ. ನಲವತ್ತು ದಾಟಿದ್ದು, ಮನೇಲಿ ಹೃದ್ರೋಗ ಇದ್ದು, ಬಿಪಿನೋ ಶುಗರೋ ಇದ್ರೆ ಶುರು ಮಾಡೋ ಮುಂಚೆ ಒಂದ್ಸಲ ಡಾಕ್ಟರಿಗೆ ತೋರಿಸಬೇಕು. ನೀವು ತೋರಿಸಿದೀರಾ?

– ಹೋದ ವರ್ಷ ಟ್ರೆಡ್‌ಮಿಲ್ ಟೆಸ್ಟ್ ಆಗಿದೆ. ಸರಿ ಇದೆ ಅಂದ್ರು.

– ಒಳ್ಳೇದು. ಇನ್ನು ವಾರದಲ್ಲಿ ಎರಡು ದಿನ ಭಾರ ಎತ್ತಿ. ಜಿಮ್ ಹುಡುಗರಿಗೆ ಅಂತ ಮೂಗು ಮುರೀಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದೇ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆ ಥರದ್ದು, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸೋದು. ನಮ್ಮವರು ವಾಕಿಂಗ್ ಒಂದನ್ನೇ ಹಿಡ್ಕೊಂಡು ಎರಡನೇದನ್ನ ಮರೀತಾರೆ. ಫುಟ್‌ಬಾಲ್ ಆಟಗಾರರಿಗೆ ತೊಡೆ ಹಿಂಭಾಗಕ್ಕೆ ಅಂತ ನಾರ್ಡಿಕ್ ವ್ಯಾಯಾಮ ಒಂದೇ ಸೇರಿಸಿದಾಗ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಅರ್ಧದಷ್ಟು ಇಳಿದಿದೆ. ಅದನ್ನ ನಿಮಗೆ ಈಗಲೇ ಹೇಳಲ್ಲ, ಉತ್ಸಾಹಕ್ಕೆ ಒಂದೇ ದಿನ ಐವತ್ತು ಮಾಡಿಬಿಡ್ತೀರಿ.

– ಹಾಗಾದ್ರೆ ಶನಿವಾರ?

– ಹೋಗಿ. ಅರ್ಧ ಗಂಟೆ, ಡಬಲ್ಸ್ ಮಾತ್ರ, ಹಾರಬೇಡಿ. ಭಾನುವಾರ ಬೆಳಗ್ಗೆ ಎಷ್ಟು ದೂರ ಕುಂಟಿದ್ರಿ ಅಂತ ನನಗೆ ಮೆಸೇಜ್ ಹಾಕಿ, ಅದು ನೋಡಿ ಮುಂದಿನ ವಾರದ್ದು ಹೇಳ್ತೀನಿ.

– ಉಳಿದರ್ಧ ಗಂಟೆ ದುಡ್ಡು ಯಾರು ಕೊಡ್ತಾರೆ? ಹೋಗ್ಲಿ, ನಮ್ಮ ಗ್ಯಾಂಗಿನ ಇನ್ನೊಬ್ಬನನ್ನೂ ಕರ್ಕೊಂಡು ಬರ್ತೀನಿ, ಅವನಿಗೂ ನಾಲ್ಕು ವ್ಯಾಯಾಮ ಹೇಳಿಕೊಡು. ಅವನದ್ದು ನನಗಿಂತ ವಿಚಿತ್ರ. ಮೊದಲ ಗೇಮ್‌ನಲ್ಲಿ ಎದೆ ಬಿಗಿದ ಹಾಗಾಗಿ ಎಡಭುಜ ಹಿಡ್ಕೊಳತ್ತೆ. ಎರಡು ನಿಮಿಷ ಕೂತು ಎದ್ರೆ ಹೋಗತ್ತೆ, ಆಮೇಲೆ ಗಂಟೆ ಪೂರ್ತಿ ಆಡ್ತಾನೆ. ಗ್ಯಾಸು ಅಂತ ಈಗೀಗ ಈನೋ ಕುಡಿದೇ ಬರ್ತಾನೆ.

– ಎಷ್ಟು ವಯಸ್ಸು ಅವರಿಗೆ?

– ಐವತ್ತೆರಡು. ಶುಗರ್ ಇದೆ. ಸಿಗರೇಟು ಈಗ ಕಮ್ಮಿ ಮಾಡಿದಾನೆ.

– ಎಷ್ಟು ದಿನದಿಂದ ಹೀಗೆ?

– ಒಂದು ತಿಂಗಳಿರಬಹುದು. ಮೊದಲು ಯಾವಾಗ್ಲೋ ಬರ್ತಿತ್ತು, ಈಗ ಪ್ರತಿ ಸಲ. ಯಾಕೆ?

– ಅವರನ್ನ ನನ್ನ ಹತ್ರ ಕರ್ಕೊಂಡು ಬರಬೇಡಿ. ಅದು ಭುಜದ್ದೂ ಅಲ್ಲ, ಗ್ಯಾಸ್ ಅಂತ ಅಂದ್ಕೊಂಡು ಬಿಡೋದೂ ಅಲ್ಲ. ದಣಿದಾಗ ಬಂದು, ಕೂತಾಗ ಹೋಗಿ, ಮೈ ಬಿಸಿಯಾದ ಮೇಲೆ ಬರದೇ ಇರೋ ಎದೆ ಬಿಗಿತ ಹೃದಯದ ರಕ್ತನಾಳ ಕಟ್ಟಿಕೊಳ್ತಿರೋದರ ಲಕ್ಷಣ ಆಗಿರಬಹುದು. ಈಗೀಗ ಹೆಚ್ಚಾಗ್ತಿದೆ ಅಂದ್ರೆ ಇನ್ನೂ ಕೆಟ್ಟದ್ದು. ಫೋನ್ ಮಾಡಿ ಅವರಿಗೆ.

– ಈಗ ಆಫೀಸಲ್ಲಿ ಮೀಟಿಂಗಲ್ಲಿರ್ತಾನೆ. ಸಂಜೆ ಹೇಳ್ತೀನಿ.

– ಈಗಲೇ ಮಾಡಿ, ಚಿಕ್ಕಪ್ಪ. ಮೀಟಿಂಗಿಂದ ಎಬ್ಬಿಸಿ. ಇವತ್ತೇ ಹೃದಯದ ಡಾಕ್ಟರ್ ಇರೋ ಆಸ್ಪತ್ರೆಗೆ ಹೋಗಬೇಕು ಅನ್ನಿ. ಒಬ್ಬರೇ ಕಾರು ಓಡಿಸ್ಕೊಂಡು ಹೋಗೋದು ಬೇಡ, ಯಾರನ್ನಾದ್ರೂ ಜೊತೆಗೆ ಕರ್ಕೊಳ್ಳಲಿ. ಎತ್ತಲಿಲ್ಲ ಅಂದ್ರೆ ಅವರ ಮನೆಯವರ ನಂಬರ್ ಹಾಕಿ, ನಾನೇ ಮಾತಾಡ್ತೀನಿ.